ಅರಳುಮರಳೋ, ಮಾತ್ರೆಯ ಮಂಪರೋ? ಹಿರಿಯರ ಮರೆವು ಮತ್ತು ನಿದ್ದೆಮಾತ್ರೆ

ಕಪಾಟಿನ_ಕೀಲಿ

ಎಪ್ಪತ್ತು ದಾಟಿದವರ ಮರೆವಿನ ಬಗ್ಗೆ ಕೇಳುವವರು ಶುಗರ್, ಬಿಪಿ, ಸ್ಕ್ಯಾನ್ ಎಲ್ಲ ವಿವರವಾಗಿ ಬರೆದು, ಕೊನೆಗೆ "ಅಂದಹಾಗೆ ರಾತ್ರಿ ಒಂದು ಚಿಕ್ಕ ಮಾತ್ರೆ ತಗೋತಾರೆ" ಅಂತ ಸೇರಿಸ್ತಾರೆ. ಆ ಸಾಲು ಮೊದಲು ಬರಬೇಕು. ಅರವತ್ತಕ್ಕೆ ಅರಳುಮರಳು ಅನ್ನೋ ಗಾದೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದ್ರೆ, ವಯಸ್ಸಿನ ಮೇಲೆ ಹೊರಿಸೋ ತಪ್ಪಿನಲ್ಲಿ ಮಾತ್ರೆಯ ಪಾಲು ಎಷ್ಟು ಅಂತ ಯಾರೂ ಕೇಳೋದಿಲ್ಲ.

ಲೆಕ್ಕದಿಂದ ಶುರು ಮಾಡೋಣ. ಅದಕ್ಕೂ ಮುಂಚೆ ಒಂದು ಮಾತು: ಇದನ್ನು ಓದಿ ಇವತ್ತು ರಾತ್ರಿಯಿಂದಲೇ ಮಾತ್ರೆ ನಿಲ್ಲಿಸಬೇಡಿ. ತಿಂಗಳುಗಟ್ಟಲೆ ತಗೊಂಡವರು ದಿಢೀರನೆ ಬಿಟ್ಟರೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು.

ರಕ್ತದಲ್ಲಿರುವ ಔಷಧಿ ಅರ್ಧಕ್ಕೆ ಇಳಿಯಲು ಬೇಕಾದ ಸಮಯ ಅರ್ಧಾಯು. ಡಯಾಜೆಪಾಮ್ ಅನ್ನೋ ಹಳೆಯ ನಿದ್ದೆಮಾತ್ರೆಗೆ ಔಷಧಶಾಸ್ತ್ರದಲ್ಲಿ ಒಂದು ಅಂದಾಜು ಇದೆ: ವಯಸ್ಸು ಎಷ್ಟು ವರ್ಷವೋ ಅರ್ಧಾಯು ಸುಮಾರು ಅಷ್ಟು ಗಂಟೆ. 70 ವರ್ಷದವರಿಗೆ 70 ಗಂಟೆ ಅಂತ ಇಟ್ಟುಕೊಳ್ಳಿ. ರಾತ್ರಿ ನುಂಗಿದ್ದರಲ್ಲಿ ಮರುದಿನ ರಾತ್ರಿಗೂ ಶೇ. 79 ಮೈಯಲ್ಲೇ ಇರುತ್ತೆ, ಅದರ ಮೇಲೆ ಮತ್ತೊಂದು ಮಾತ್ರೆ ಬೀಳುತ್ತೆ. ದಿನಾ 5 ಮಿ.ಗ್ರಾಂ ತಗೊಂಡರೆ ಎರಡು ಮೂರು ವಾರದಲ್ಲಿ ಮೈಯಲ್ಲಿ ಸುಮಾರು 23 ಮಿ.ಗ್ರಾಂ ಸೇರಿಕೊಂಡಿರುತ್ತೆ. ಚೀಟಿಯಲ್ಲಿ ಇರೋದು 5, ಮಿದುಳು ಕಾಣೋದು 23. ಲಿವರ್‌ನಲ್ಲಿ ಡಯಾಜೆಪಾಮ್ ಒಡೆದಾಗ ಹುಟ್ಟುವ ಡೆಸ್‌ಮೀಥೈಲ್‌ಡಯಾಜೆಪಾಮ್ ಕೂಡ ಮಂಪರು ತರಿಸುವಂಥದ್ದೇ, ಮತ್ತು ಹಿರಿಯರಲ್ಲಿ ಅದರ ಅರ್ಧಾಯು 100 ಗಂಟೆ ದಾಟಬಹುದು. ಐದು ಅರ್ಧಾಯು ಕಳೆದರೆ ಔಷಧಿ ಬಹುತೇಕ ಹೋಯಿತು ಅಂತ ಲೆಕ್ಕ. ಹಾಗಾಗಿ ಕೊನೆಯ ಡಯಾಜೆಪಾಮ್ ಮಾತ್ರೆ ನುಂಗಿ ಮೂರು ವಾರ ಆಗೋವರೆಗೂ "ಬಿಟ್ಟಾಗಿದೆ" ಅನ್ನುವ ಹಾಗಿಲ್ಲ.

ಇದೇ ಗುಂಪಿನ ಕ್ಲೊನಾಜೆಪಾಮ್‌ದು 30ರಿಂದ 40 ಗಂಟೆ, ಪೂರ್ತಿ ಹೋಗಲು ಆರರಿಂದ ಎಂಟು ದಿನ. ಆಲ್‌ಪ್ರಜೋಲಾಮ್ ಹಿರಿಯರಲ್ಲಿ ಸುಮಾರು 16 ಗಂಟೆ. ರಾತ್ರಿ ಹತ್ತಕ್ಕೆ ತಗೊಂಡರೆ ಬೆಳಗ್ಗೆ ಎಂಟರ ತಿಂಡಿ ಹೊತ್ತಿಗೆ ಮೂರರಲ್ಲಿ ಎರಡು ಪಾಲು ಇನ್ನೂ ರಕ್ತದಲ್ಲೇ ಇರುತ್ತೆ.

ನರಮಂಡಲ_ಹುಬ್ಬಳ್ಳಿ

ಲೆಕ್ಕ ಸರಿ ಐತಿ. ಆದರ ಬರೇ ಲಿವರ್ ನಿಧಾನ ಆತು ಅನ್ನೋದರಾಗ ಕತಿ ಮುಗಿಯೂದಿಲ್ಲ. ವಯಸ್ಸಾದಂಗ ಸ್ನಾಯು ಕಡಿಮಿ ಆಗಿ ಕೊಬ್ಬಿನ ಪಾಲು ಹೆಚ್ಚಾಗತದ. ಡಯಾಜೆಪಾಮ್ ಕೊಬ್ಬಿನ್ಯಾಗ ಕರಗೂ ವಸ್ತು, ಹೋಗಿ ಅಲ್ಲೇ ಕುಂದರತದ. ಮ್ಯಾಲ ರಕ್ತದಾಗ ಒಂದೇ ಮಟ್ಟ ಇದ್ದರೂ ವಯಸ್ಸಾದ ಮಿದುಳು ಹೆಚ್ಚು ಮಂಕಾಗತದ.

ಈ ಗುಂಪಿನ ಮಾತ್ರಿ ಹಿಡಿಯೂದು ಗಾಬಾ-ಎ ಅನ್ನೂ ಗ್ರಾಹಕಾನ, ಅಂದರ ಮಿದುಳು ಶಾಂತ ಮಾಡೂ ಕೊಂಡೀನ. ಅದರಾಗ ಬ್ಯಾರೆ ಬ್ಯಾರೆ ಉಪಘಟಕ ಅದಾವ. ಆಲ್ಫಾ-1 ನಿದ್ದಿ ತರಸತದ. ಆಲ್ಫಾ-2 ಚಿಂತಿ ಇಳಸತದ. ಹಿಪೊಕ್ಯಾಂಪಸ್ ಅಂದರ ಹೊಸಾ ನೆನಪು ಅಚ್ಚು ಹಾಕೂ ಜಾಗಾ, ಅಲ್ಲಿ ಆಲ್ಫಾ-5 ಹೆಚ್ಚು. ಡಯಾಜೆಪಾಮ್ ಥರದ ಮಾತ್ರಿ ಎಲ್ಲಾನೂ ಒಮ್ಮೆಲೇ ಹಿಡೀತದ. ಅದಕ್ಕ ಚಿಂತಿ ಅಷ್ಟೇ ಇಳಿಸಿ ನೆನಪು ಮುಟ್ಟಬ್ಯಾಡ ಅಂತ ಮಾತ್ರಿಗೆ ಹೇಳಾಕ ಆಗೂದಿಲ್ಲ.

ಹಳೇ ನೆನಪು ಗಟ್ಟಿ, ಹೊಸಾದು ನಿಲ್ಲೂದಿಲ್ಲ ಅನ್ನೂ ಲಕ್ಷಣ ಆಲ್ಝೈಮರ್ ಶುರುವಿನಾಗೂ ಹಂಗ ಇರತದ. ಅದೊಂದರ ಮ್ಯಾಲ ಎರಡನ್ನ ಬಿಡಿಸಾಕ ಬರೂದಿಲ್ಲ. ಬಿಡಸೂದು ಕಾಲಾನ ನೋಡಿ. ಮರವು ಶುರು ಆಗಿದ್ದಕ್ಕೂ ಮಾತ್ರಿ ಶುರು ಆಗಿದ್ದಕ್ಕೂ, ಇಲ್ಲಾ ಡೋಸ್ ಏರಿಸಿದ್ದಕ್ಕೂ ಎಷ್ಟು ಅಂತರ? ಮುಂಜಾನೆ ಮಂಕು, ಸಂಜಿಗೆ ಚುರುಕು ಅನ್ನೂ ಏರಿಳಿತ ಐತೇನು? ನಡಿಗಿ ತೂರಾಡತದೇನು, ಮಾತು ತೊದಲತದೇನು? ಈ ಮೂರೂ ಕೂಡಿದ್ದರ ಸ್ಕ್ಯಾನ್ ಬರೆಸೂಕಿಂತ ಮೊದಲ ಮಾತ್ರಿ ಡಬ್ಬಿ ತಗೀರಿ.

ಚೀಟಿ_ಓದುಗ

ಡಬ್ಬಿ ತೆಗೆದರೂ ಗೊತ್ತಾಗದ ಸಂಗತಿ ಒಂದಿದೆ. ನಮ್ಮ ದೇಶದಲ್ಲಿ ನಿದ್ದೆಮಾತ್ರೆ ಬಹಳ ಸಲ ನಿದ್ದೆಮಾತ್ರೆಯ ವೇಷದಲ್ಲಿ ಬರೋದಿಲ್ಲ.

"ಗ್ಯಾಸ್ ಮಾತ್ರೆ" ಅಂತ ಊಟಕ್ಕೆ ಮುಂಚೆ ನುಂಗುವ ಕೆಲವು ಗುಳಿಗೆಗಳಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಮತ್ತು ಕ್ಲಿಡಿನಿಯಮ್ ಒಟ್ಟಿಗಿರುತ್ತವೆ. ಮೊದಲನೆಯದು ಡಯಾಜೆಪಾಮ್‌ನ ಅಣ್ಣ, ಈ ಕುಟುಂಬದಲ್ಲಿ ಮೊಟ್ಟಮೊದಲು ಮಾರುಕಟ್ಟೆಗೆ ಬಂದದ್ದು, ಅದೂ ಉದ್ದ ಅರ್ಧಾಯುವಿನದು. ಎರಡನೆಯದು ಅಸಿಟೈಲ್‌ಕೋಲೀನ್ ಅನ್ನೋ ನರಸಂದೇಶವಾಹಕವನ್ನು ತಡೆಯುವಂಥದ್ದು: ಬಾಯಿ ಒಣಗುತ್ತೆ, ಮಲ ಕಟ್ಟುತ್ತೆ, ಪ್ರೋಸ್ಟೇಟ್ ತೊಂದರೆ ಇದ್ದವರಿಗೆ ಮೂತ್ರ ನಿಲ್ಲುತ್ತೆ. ದಿನಕ್ಕೆ ಎರಡು ಮೂರು ಗುಳಿಗೆ, ವರ್ಷಗಟ್ಟಲೆ. "ನಿದ್ದೆಮಾತ್ರೆ ತಗೋತೀರಾ?" ಅಂತ ಕೇಳಿದರೆ "ಇಲ್ಲಪ್ಪ, ಗ್ಯಾಸಿಗೆ ಮಾತ್ರ" ಅಂತಾರೆ. ಸುಳ್ಳಲ್ಲ ಅದು, ಅವರಿಗೆ ಯಾರೂ ಹೇಳಿಲ್ಲ.

ಎಸ್ಸಿಟಾಲೋಪ್ರಾಮ್ ಜೊತೆ ಕ್ಲೊನಾಜೆಪಾಮ್, ಪ್ರೊಪ್ರನೊಲಾಲ್ ಜೊತೆ ಎಟಿಜೋಲಾಮ್ ಅಥವಾ ಆಲ್‌ಪ್ರಜೋಲಾಮ್, ಅಮಿಟ್ರಿಪ್ಟಿಲಿನ್ ಜೊತೆ ಕ್ಲೋರ್‌ಡಯಾಜೆಪಾಕ್ಸೈಡ್: ಇವೆಲ್ಲ ಜೋಡಿ ಮಾತ್ರೆಗಳು. ಬ್ರ್ಯಾಂಡ್ ಹೆಸರಲ್ಲಿ ಸುಳಿವೇ ಇರೋದಿಲ್ಲ. ಸ್ಟ್ರಿಪ್‌ನ ಹಿಂಬದಿಯ ಸಣ್ಣ ಅಕ್ಷರ ಓದಬೇಕು. ಸುಲಭದ ಗುರುತು ಹೆಸರಿನ ಬಾಲ: "ಜೆಪಾಮ್", "ಜೋಲಾಮ್", "ಡಯಾಜೆಪಾಕ್ಸೈಡ್", "ಪಿಡೆಮ್" ಕಂಡರೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ಮಿಡಜೋಲಾಮ್ ಸಾಮಾನ್ಯವಾಗಿ ಆಸ್ಪತ್ರೆಯ ಇಂಜೆಕ್ಷನ್ನು, ಮಾತ್ರೆ ಡಬ್ಬಿಯಲ್ಲಿ ಸಿಗೋದು ಅಪರೂಪ.

ಇದೇ ಗುಂಪಿಗೆ ಸೇರದಿದ್ದರೂ ಮಂಕು ಕವಿಸುವವು ಇನ್ನೂ ಇವೆ. ನೆಗಡಿ ಸಿರಪ್‌ನ ಕ್ಲೋರ್‌ಫೆನಿರಮಿನ್, ನವೆಗೆ ಕೊಡುವ ಹೈಡ್ರಾಕ್ಸಿಜಿನ್, ಪದೇ ಪದೇ ಬರುವ ಮೂತ್ರದ ಅವಸರ ತಡೆಯಲು ಕೊಡುವ ಆಕ್ಸಿಬ್ಯುಟಿನಿನ್, ಕಾಲುರಿಗೆ ಕೊಡುವ ಪ್ರಿಗ್ಯಾಬಲಿನ್. ಪ್ರಿಗ್ಯಾಬಲಿನ್ ಹೊರಹೋಗೋದು ಕಿಡ್ನಿಯಿಂದ, ಕ್ರಿಯಾಟಿನಿನ್ ಏರಿದವರಿಗೆ ಡೋಸ್ ಇಳಿಸಲೇಬೇಕು. ತಲೆಸುತ್ತಿಗೆ ಅಂತ ಕೊಟ್ಟ ಸಿನ್ನರಿಜಿನ್ ಎರಡು ವಾರಕ್ಕೆ ನಿಲ್ಲಬೇಕಾದದ್ದು ಎರಡು ವರ್ಷ ನಡೆದಿರುತ್ತೆ. ಅದು ಮಂಪರಿನ ಜೊತೆ ಪಾರ್ಕಿನ್ಸನ್ ಥರದ ನಡುಕ, ಬಿಗಿತವನ್ನೂ ತರಬಲ್ಲದು. ಒಂದೊಂದೇ ಸಣ್ಣದು, ನಾಲ್ಕು ಸೇರಿದರೆ ದೊಡ್ಡದು.

ತುಂಗಾತೀರ

ಹಾಗಾದ್ರೆ ಬೇಗ ಇಳಿಯುವ ಮಾತ್ರೆ ಸುರಕ್ಷಿತ ಅಂತಾಯ್ತಲ್ಲ? ಲೋರಾಜೆಪಾಮ್, ಜೋಲ್‌ಪಿಡೆಮ್‌ಗಳನ್ನ ಹಿರಿಯರಿಗೆ ಬರೆಯೋದು ಅದಕ್ಕೇ ಅಲ್ವಾ?

ಕಪಾಟಿನ_ಕೀಲಿ

ಅರ್ಧ ಸರಿ. ಲೋರಾಜೆಪಾಮ್ ನೇರವಾಗಿ ಗ್ಲುಕುರೊನೈಡ್ ಅನ್ನೋ ಮಂಪರು ತರದ ರೂಪಕ್ಕೆ ತಿರುಗಿ ಹೊರಹೋಗುತ್ತೆ. ಮಂಪರು ತರುವ ಉಪವಸ್ತು ಹುಟ್ಟೋದಿಲ್ಲ, ಲಿವರ್ ಸೋತವರಲ್ಲೂ ಅಷ್ಟಾಗಿ ಶೇಖರವಾಗೋದಿಲ್ಲ. ಹೀಗಾಗಿ ಕೊಡಲೇಬೇಕಾದಾಗ ಅದನ್ನು ಆರಿಸ್ತಾರೆ. ಆದರೆ ಇರುವಷ್ಟು ಹೊತ್ತು ನೆನಪಿನ ಅಚ್ಚು ಅಳಿಸುವುದರಲ್ಲಿ ಅದು ಯಾರಿಗೂ ಕಡಿಮೆಯಿಲ್ಲ. ಆಪರೇಷನ್ನಿಗೆ ಮುಂಚೆ ಅದನ್ನು ಕೊಡ್ತಿದ್ದದ್ದೇ ಆ ಗುಣಕ್ಕೆ. ಬೇಗ ಇಳಿಯುವ ಔಷಧಿಯ ಇನ್ನೊಂದು ತೊಂದರೆ, ಎರಡು ಡೋಸ್ ನಡುವೆಯೇ ಕೊರತೆಯ ಲಕ್ಷಣ ಶುರುವಾಗುತ್ತೆ: ಮಧ್ಯಾಹ್ನ ಕೈ ನಡುಕ, ಸಂಜೆ ಎದೆಬಡಿತ. ಅದನ್ನು ರೋಗ ಅಂದುಕೊಂಡು ಇನ್ನೊಂದು ಮಾತ್ರೆ ಸೇರಿಸ್ತಾರೆ.

ಜೋಲ್‌ಪಿಡೆಮ್ ವಿಷಯದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲೇ ಹೆಂಗಸರ ಡೋಸನ್ನು 10ರಿಂದ 5 ಮಿ.ಗ್ರಾಂಗೆ ಇಳಿಸಿತು, ಬೆಳಗ್ಗೆಯೂ ರಕ್ತದಲ್ಲಿ ಉಳಿಯುತ್ತೆ ಅಂತ. ಹಿರಿಯರಿಗೆ ಗಂಡಸಾಗಲಿ ಹೆಂಗಸಾಗಲಿ 5 ಮಿ.ಗ್ರಾಂ. ನಿದ್ದೆಯಲ್ಲೇ ಎದ್ದು ಅಡುಗೆ ಮಾಡೋದು, ಗಾಡಿ ತೆಗೆಯೋದು ಇಂಥವಕ್ಕೆ 2019ರಲ್ಲಿ ಔಷಧಿಯ ಲೇಬಲ್ಲಿನಲ್ಲಿ ಚೌಕಟ್ಟಿನೊಳಗೆ ಕಟ್ಟುನಿಟ್ಟಿನ ಎಚ್ಚರಿಕೆ ಬಂತು. ಅಮೆರಿಕದ ವೃದ್ಧವೈದ್ಯರ ಸಂಘ ಪರಿಷ್ಕರಿಸುವ ಬೀರ್ಸ್ ಪಟ್ಟಿಯ 2023ರ ಆವೃತ್ತಿಯಲ್ಲೂ ಡಯಾಜೆಪಾಮ್ ಗುಂಪು, ಜೋಲ್‌ಪಿಡೆಮ್ ಗುಂಪು ಎರಡೂ "ಹಿರಿಯರಿಗೆ ಬೇಡ" ಅನ್ನೋ ಕಡೆಯೇ ಇವೆ.

ಚೀಟಿ_ಓದುಗ

ಅರ್ಧಾಯು ಪುಸ್ತಕದ ಸಂಖ್ಯೆ ಅಂತ ಗಟ್ಟಿಯಾಗಿ ಹಿಡಿದುಕೊಳ್ಳಬೇಡಿ. ಆಲ್‌ಪ್ರಜೋಲಾಮ್ ಒಡೆಯುವ ಕಿಣ್ವ ಸಿವೈಪಿ3ಎ4. ಹುಳುಕಡ್ಡಿಗೆ ಅಂತ ಚರ್ಮದ ಡಾಕ್ಟರು ಇಟ್ರಾಕೊನಜೋಲ್ ಬರೆದರೆ ಆ ಕಿಣ್ವ ಕಟ್ಟಿಹೋಗುತ್ತೆ, ಹಳೆಯ ಅದೇ ಡೋಸ್ ಎರಡು ಮೂರು ಪಟ್ಟಿನಂತೆ ಕೂರುತ್ತೆ. ಈ ಜೋಡಿಯನ್ನು ಕೊಡಲೇಬಾರದು ಅಂತ ಔಷಧಿಯ ಲೇಬಲ್ಲಿನಲ್ಲೇ ಇದೆ. ಎದೆ ಸೋಂಕಿಗೆ ಕ್ಲಾರಿಥ್ರೊಮೈಸಿನ್, ಬಿಪಿಗೆ ಡಿಲ್ಟಿಯಾಜೆಮ್ ಇದ್ದರೂ ಅದೇ ದಿಕ್ಕು. ಡಯಾಜೆಪಾಮ್ ತಗೊಳ್ಳುವವರಿಗೆ ಒಮೆಪ್ರಜೋಲ್ ಸೇರಿದರೆ ಅದು ಇಳಿಯೋದು ಇನ್ನೂ ನಿಧಾನ. "ಮೂರು ವರ್ಷದಿಂದ ತಗೋತಿದ್ರು, ಏನೂ ಆಗಿರಲಿಲ್ಲ, ಈ ವಾರ ಇದ್ದಕ್ಕಿದ್ದಂಗೆ ಮಂಕಾದ್ರು" ಅಂದರೆ ಈ ವಾರ ಹೊಸದಾಗಿ ಏನು ಸೇರಿತು ಅಂತ ಹುಡುಕಿ.

ಅರಿವಳಿಕೆ_ಕೋಣೆ

ಆಪರೇಷನ್ ಆದಮೇಲಿನ ಮರೆವು ಬೇರೆ ಲೆಕ್ಕ, ಇದರ ಜೊತೆ ಕಲಸಬಾರದು. ಮಿಡಜೋಲಾಮ್‌ನ ಒಂದೆರಡು ಮಿ.ಗ್ರಾಂ ಒಂದು ದಿನದೊಳಗೆ ಇಳಿದುಹೋಗುತ್ತೆ. ವಾರಗಳವರೆಗೆ ಎಳೆಯುವ ಮಂಕಿಗೆ ಉರಿಯೂತ, ಸೋಂಕು, ನಿದ್ದೆಗೇಡು, ನೋವು, ಮೊದಲೇ ಒಳಗಿದ್ದ ದುರ್ಬಲತೆ ಎಲ್ಲ ಸೇರುತ್ತವೆ.

ದೊಡ್ಡ ಮಟ್ಟದಲ್ಲಿ ಇದನ್ನು ಮೊದಲು ಅಳೆದದ್ದು 1998ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಬಹುರಾಷ್ಟ್ರ ಅಧ್ಯಯನ. ಹೃದಯದ್ದಲ್ಲದ ದೊಡ್ಡ ಆಪರೇಷನ್ ಆದ, 60 ದಾಟಿದ 1,218 ಮಂದಿ. ವಾರದ ನಂತರ ಶೇ. 25.8 ಮಂದಿಯಲ್ಲಿ ಅರಿವಿನ ಕುಸಿತ ಕಂಡಿತು, ಮೂರು ತಿಂಗಳ ನಂತರ ಅದು ಶೇ. 9.9ಕ್ಕೆ ಇಳಿದಿತ್ತು. 2018ರಿಂದ ಹೆಸರುಗಳೂ ಬದಲಾಗಿವೆ: 30 ದಿನದವರೆಗೆ "ತಡವಾದ ಚೇತರಿಕೆ", ಅಲ್ಲಿಂದ ಒಂದು ವರ್ಷದವರೆಗೆ ಉಳಿದರೆ ಮಾತ್ರ ಕಾಯಿಲೆಯ ಹೆಸರು. ಮೊದಲ ತಿಂಗಳಲ್ಲೇ "ಅಪ್ಪನಿಗೆ ಡಿಮೆನ್ಷಿಯಾ ಬಂತು" ಅಂತ ಆಸ್ತಿ ಪತ್ರ ಮಾಡಿಸಲು ಹೊರಡಬೇಡಿ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಬುದ್ಧಿಗೆ ಏನೂ ಆಗಲ್ಲ ಅನ್ನೋ ನಂಬಿಕೆಯೂ ನಿಲ್ಲೋದಿಲ್ಲ. ಸೊಂಟದ ಮೂಳೆ ಮುರಿದವರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ರೀಗೇನ್ ಪ್ರಯೋಗದಲ್ಲಿ ಪೂರ್ಣ ಅರಿವಳಿಕೆಗೂ ಬೆನ್ನಿನ ಅರಿವಳಿಕೆಗೂ ಸನ್ನಿಯ ಪ್ರಮಾಣ ಹೆಚ್ಚುಕಡಿಮೆ ಒಂದೇ ಬಂತು.

ಆಪರೇಷನ್ನಿಗೆ ಮುಂಚೆ ಅರಿವಳಿಕೆ ಡಾಕ್ಟರಿಗೆ ರಾತ್ರಿಯ ಮಾತ್ರೆಯ ಹೆಸರು, ಡೋಸ್, ಎಷ್ಟು ವರ್ಷದಿಂದ ಅನ್ನೋದನ್ನು ಬರೆದುಕೊಡಿ. ಮುಚ್ಚಿಟ್ಟರೆ ಆಸ್ಪತ್ರೆಯಲ್ಲಿ ಆ ಮಾತ್ರೆ ತಪ್ಪುತ್ತೆ, ಎರಡನೇ ಮೂರನೇ ದಿನಕ್ಕೆ ಸನ್ನಿ ಏಳುತ್ತೆ, ಎಲ್ಲರೂ ಅರಿವಳಿಕೆಯನ್ನು ಬೈಯುತ್ತಾರೆ.

ಕೃಷ್ಣೆಯ_ದಡ

ರಾಯಚೂರು ಕಡೆಗೆ, ಗಡಿಯಾಚೆ ತೆಲಂಗಾಣದಾಗ ಇನ್ನೊಂದು ಪ್ರಶ್ನಿ ಸೇರಿಸ್ರಿ: ಸೇಂದಿ ಕುಡೀತಾರೇನು? ಕಲಬೆರಕಿ ಸೇಂದಿಗೆ ಸಿ.ಎಚ್. ಪೌಡರ್ ಅಂದರ ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಆಲ್‌ಪ್ರಜೋಲಾಮ್ ಹಾಕತಾರ. ಮನುಷ್ಯಾ ಮಾತ್ರಿ ಚೀಟಿ ಕಂಡಿರೂದಿಲ್ಲ, ಆದರ ಮೈ ದಿನಾ ನಿದ್ದಿಮದ್ದಿಗೆ ಒಗ್ಗಿರತದ. ಕಾಲು ಮುರಕೊಂಡು ವಾರ್ಡಿನಾಗ ಮಲಗಿದ ಮ್ಯಾಲ ನಡುಕ, ಫಿಟ್ಸ್, ಬಡಬಡಿಕಿ ಶುರು ಆಗತಾವ. ದಾರೂ ಇಲ್ಲಾ ಅಂದರೂ ಸೇಂದಿ ಬಗ್ಗೆ ಬ್ಯಾರೇನ ಕೇಳಬೇಕು, ಅದನ್ನ ಅವರು ದಾರೂ ಅಂತ ಲೆಕ್ಕಾ ಹಿಡಿಯೂದಿಲ್ಲ.

ತುಂಗಾತೀರ

ನಿದ್ದೆಮಾತ್ರೆಯಿಂದ ಆಲ್ಝೈಮರ್ ಬರುತ್ತೆ ಅಂತ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಲ್ಲ, ಅದು ನಿಜವಾ?

ನರಮಂಡಲ_ಹುಬ್ಬಳ್ಳಿ

ಆ ಸುದ್ದಿ ಬಂದಿದ್ದು 2014ರಾಗ ಬಿಎಂಜೆ ಅನ್ನೂ ವೈದ್ಯಕೀಯ ಪತ್ರಿಕೆಯೊಳಗ ಬಂದ ಅಧ್ಯಯನದಿಂದ. ಕೆನಡಾದ ಕ್ವಿಬೆಕ್‌ನಾಗ 1,796 ಆಲ್ಝೈಮರ್ ರೋಗಿಗಳನ್ನ 7,184 ಮಂದಿ ಜೋಡಿ ಹೋಲಿಸಿದರು. ಮಾತ್ರಿ ತಗೊಂಡವರೊಳಗ ರೋಗದ ಸಂಭವ ಒಂದೂವರಿ ಪಟ್ಟು, ಆರು ತಿಂಗಳು ದಾಟಿದರ ಇನ್ನೂ ಹೆಚ್ಚು. ಎರಡ ವರ್ಷಕ್ಕ, 2016ರಾಗ, ಅದೇ ಪತ್ರಿಕೆಯೊಳಗ ಸಿಯಾಟಲ್‌ನ ಅಧ್ಯಯನ ಬಂತು. 65 ದಾಟಿದ 3,434 ಮಂದಿ. ಅತಿ ಹೆಚ್ಚು ಮಾತ್ರಿ ನುಂಗಿದವರೊಳಗ ಡಿಮೆನ್ಷಿಯಾ ಏರಲಿಲ್ಲ, ಕಡಿಮಿ ನುಂಗಿದವರೊಳಗ ಒಂಚೂರು ಏರಿತ್ತು. ವಿಷ ಆಗಿದ್ದರ ಹೆಚ್ಚು ಕುಡದವರಿಗೆ ಹೆಚ್ಚು ತಾಕಬೇಕಿತ್ತಲ್ಲ?

ಡಿಮೆನ್ಷಿಯಾ ಪತ್ತೆ ಆಗೂಕಿಂತ ಭಾಳ ವರ್ಷ ಮೊದಲ ನಿದ್ದಿ ಕೆಡತದ, ಚಿಂತಿ ಹತ್ತತದ. ಅದಕ್ಕ ಮಾತ್ರಿ ಬರೀತಾರ. ಆಮ್ಯಾಲ ರೋಗ ಬಂದಾಗ ಮಾತ್ರಿ ಮ್ಯಾಲ ಹಾಕತೀವಿ. ನನ್ನ ಅಭಿಪ್ರಾಯ: ಆಲ್ಝೈಮರ್ ತರತದ ಅನ್ನೂದು ಸಾಬೀತಾಗಿಲ್ಲ. ಬೀಳೂದು, ಸೊಂಟ ಮುರಿಯೂದು, ದಿನದ ಮಂಕು ಇವಕ್ಕ ವಾದಾನ ಬೇಕಾಗಿಲ್ಲ. ಬಿಡಾಕ ಅಷ್ಟು ಕಾರಣ ಸಾಕು.

ಬಿಟ್ಟ ಮ್ಯಾಲ ಎಲ್ಲಾ ವಾಪಸ್ ಬರತದ ಅಂತನೂ ಮಾತು ಕೊಡಬ್ಯಾಡ್ರಿ. ವರ್ಷಗಟ್ಟಲೆ ತಗೊಂಡು ಬಿಟ್ಟವರ ಅಧ್ಯಯನಗಳನ್ನ ಒಟ್ಟು ಮಾಡಿ ನೋಡಿದಾಗ, ಸುಧಾರಣಿ ಖರೇ, ಆದರ ಆರು ತಿಂಗಳಾದರೂ ಎಂದೂ ತಗೊಳ್ಳದವರ ಮಟ್ಟಕ್ಕ ಪೂರಾ ಮುಟ್ಟಿದ್ದಿಲ್ಲ.

ಶುಶ್ರೂಷೆ_ಶಿಫ್ಟ್

ಬಿಡಿಸುವ ಕ್ರಮ ಬರೀತೇನೆ. ವೇಳಾಪಟ್ಟಿಗೆ ಡಾಕ್ಟರ ಸಹಿ ಇರಲಿ. ಫಿಟ್ಸ್ ಕಾಯಿಲೆ ಇದ್ದವರು, ಕುಡಿತ ಇದ್ದವರು, ಹೆಚ್ಚಿನ ಡೋಸಿನವರು ಮನೆಯಲ್ಲಿ ಇದನ್ನು ಮಾಡಬಾರದು.

2025ರ ಅಮೆರಿಕದ ವೈದ್ಯಕೀಯ ಸಂಘಗಳ ಜಂಟಿ ಮಾರ್ಗಸೂಚಿಯ ಪ್ರಕಾರ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ. 5ರಿಂದ 10 ಇಳಿಸುವುದರಿಂದ ಶುರು. ಯಾವ ಎರಡು ವಾರದಲ್ಲೂ ಶೇ. 25 ದಾಟಬಾರದು. ರಾತ್ರಿ 0.5 ಮಿ.ಗ್ರಾಂ ಆಲ್‌ಪ್ರಜೋಲಾಮ್ ಅಂತ ಇಟ್ಟುಕೊಳ್ಳಿ. 0.25ರ ಮಾತ್ರೆ ಬರೆಸಿ. ಎರಡು, ಒಂದೂಮುಕ್ಕಾಲು, ಒಂದೂವರೆ, ಒಂದೂಕಾಲು, ಒಂದು ಹೀಗೆ ಕಾಲು ಕಾಲು ಇಳಿಯುತ್ತದೆ. ಮೇಲಿನ ಮೆಟ್ಟಿಲುಗಳು ಸಲೀಸು, ಎರಡರಿಂದ ಒಂದೂಮುಕ್ಕಾಲಿಗೆ ಇಳಿದರೆ ಶೇ. 12.5 ಅಷ್ಟೆ. ಆದರೆ ಅರ್ಧದಿಂದ ಕಾಲಿಗೆ ಇಳಿದರೆ ಒಮ್ಮೆಗೇ ಶೇ. 50! "ಅಷ್ಟೆಲ್ಲ ಇಳಿಸಿದ್ದಾಯ್ತು, ಇನ್ನು ಚೂರು ತಾನೆ" ಅಂತ ಇಲ್ಲೇ ಜನ ಎಡವುತ್ತಾರೆ. ಕೆಳಗಿನ ಮೆಟ್ಟಿಲಲ್ಲಿ ನಾಲ್ಕು ವಾರವಾದರೂ ನಿಲ್ಲಿ, ಅದಕ್ಕೂ ಸಣ್ಣ ಪಾಲು ಮಾಡಲು ಆಗುತ್ತದೋ ಡಾಕ್ಟರನ್ನು ಕೇಳಿ. ಒಟ್ಟು ಐದಾರು ತಿಂಗಳು ಹಿಡಿದರೆ ಅವಸರವಿಲ್ಲ.

ಚಾಕುವಿನಲ್ಲಿ ಕತ್ತರಿಸಿದರೆ ಒಂದು ತುಂಡು ದೊಡ್ಡದು, ಒಂದು ಪುಡಿ. ಮೆಡಿಕಲ್‌ನಲ್ಲಿ ಸಿಗುವ ಟ್ಯಾಬ್ಲೆಟ್ ಕಟರ್ ತನ್ನಿ. ಒಂದು ಮಾತ್ರೆಯ ನಾಲ್ಕೂ ತುಂಡುಗಳನ್ನು ಸತತ ನಾಲ್ಕು ದಿನದಲ್ಲೇ ಮುಗಿಸಿ, ಒಂದು ದಿನ ಹೆಚ್ಚಾದರೆ ಮರುದಿನ ಸರಿಹೋಗುತ್ತದೆ. ನೂರು ತುಂಡು ಒಟ್ಟಿಗೆ ಮಾಡಿ ಡಬ್ಬಿಗೆ ತುಂಬಬೇಡಿ, ಕರಾವಳಿಯ ಮಳೆಗಾಲದಲ್ಲಿ ಹಿಟ್ಟಾಗುತ್ತದೆ. ಎಸ್‌ಆರ್, ಸಿಆರ್ ಅಂತ ಇರುವ ಮಾತ್ರೆಯನ್ನು ಮಾತ್ರ ಮುರಿಯಲೇಬಾರದು. ಎಂಟು ಹತ್ತು ಗಂಟೆಗೆ ಬಿಡಬೇಕಾದದ್ದು ಒಮ್ಮೆಲೇ ಇಳಿಯುತ್ತದೆ.

ದಿನ ಬಿಟ್ಟು ದಿನ ಕೊಡುವುದು ಆಲ್‌ಪ್ರಜೋಲಾಮ್‌ಗೆ ಒಳ್ಳೆಯದಲ್ಲ, ತಪ್ಪಿದ ರಾತ್ರಿಯೆಲ್ಲ ಸಣ್ಣ ಕೊರತೆ. ಇಳಿಸಿದ ಮೊದಲ ಮೂರು ನಾಲ್ಕು ರಾತ್ರಿ ನಿದ್ದೆ ಕೆಟ್ಟೇ ಕೆಡುತ್ತದೆ, ಮುಂಚೆಯೇ ಹೇಳಿಬಿಡಿ. ವಾರ ದಾಟಿಯೂ ನಡುಕ, ಬೆವರು ಇದ್ದರೆ ಹಿಂದಿನ ಮೆಟ್ಟಿಲಿಗೆ ಹೋಗಿ ನಿಲ್ಲಿ. ಇಲ್ಲದ್ದು ಕಾಣಿಸಿದರೆ, ಫಿಟ್ಸ್ ಬಂದರೆ ನೇರ ಆಸ್ಪತ್ರೆ.

ಚೀಟಿ_ಓದುಗ

ಕ್ವಿಬೆಕ್‌ನದೇ ಇನ್ನೊಂದು ಪ್ರಯೋಗ, ಎಂಪವರ್, 2014. ಔಷಧಿ ಅಂಗಡಿಗಳ ಮೂಲಕ ಹಿರಿಯರ ಕೈಗೇ ಒಂದು ಪುಸ್ತಿಕೆ ಕೊಟ್ಟರು: ಈ ಮಾತ್ರೆಯ ಅಪಾಯ ಏನು, ಹಂತ ಹಂತವಾಗಿ ಇಳಿಸೋದು ಹೇಗೆ, ಮಾತ್ರೆಯ ಚಿತ್ರ ಸಮೇತ. ಆರು ತಿಂಗಳಲ್ಲಿ ಶೇ. 27 ಮಂದಿ ಪೂರ್ತಿ ಬಿಟ್ಟಿದ್ದರು, ಪುಸ್ತಿಕೆ ಸಿಗದವರಲ್ಲಿ ಶೇ. 5. ಮಗ-ಸೊಸೆ ಮಾತ್ರೆ ಬಚ್ಚಿಡೋ ಬದಲು ತುಂಡು ಮಾಡುವ ಕೆಲಸವನ್ನು ಹಿರಿಯರ ಕೈಗೇ ಕೊಡಿ ಅಂತ ನಾನು ಹೇಳೋದು ಇದಕ್ಕೇ.

ಶುಶ್ರೂಷೆ_ಶಿಫ್ಟ್

ಕೈ ನಡುಗದಿದ್ದರೆ, ಕಣ್ಣು ಕಾಣುತ್ತಿದ್ದರೆ ಸೈ.

ನರಮಂಡಲ_ಹುಬ್ಬಳ್ಳಿ

ಪರೀಕ್ಷಾ ಯಾವಾಗ ಅಂತ ಕೇಳತಾರ. ಮಂಪರು ಇದ್ದಾಗ ನೆನಪಿನ ಪರೀಕ್ಷಾ ಮಾಡಿದರ ಮಾತ್ರಿಗೆ ಅಂಕ ಕೊಟ್ಟಂಗ. ಶುರುವಿನಾಗ ಒಮ್ಮೆ ಮಾಡಿ ಇಟಗೊಳ್ರಿ, ಪೂರಾ ಬಿಟ್ಟು ಎರಡು ಮೂರು ತಿಂಗಳಿಗೆ ಅದೇ ಪರೀಕ್ಷಾ, ಅದೇ ಹೊತ್ತಿಗೆ, ಅದೇ ಕನ್ನಡಕ, ಅದೇ ಕಿವಿಯಂತ್ರ ಹಾಕಿ ಮಾಡ್ರಿ. ಐಸಿಎಂಆರ್‌ನ ಅರಿವಿನ ಪರೀಕ್ಷೆಗಳ ಗುಚ್ಛ ಕನ್ನಡದಾಗೂ ಐತಿ. ಜೋಡಿಗೆ ಬಿ12, ಥೈರಾಯ್ಡ್, ಸೋಡಿಯಂ ರಕ್ತಪರೀಕ್ಷಾ ಬಿಡಬ್ಯಾಡ್ರಿ. ಎಸ್ಸಿಟಾಲೋಪ್ರಾಮ್ ಮತ್ತ ಬಿಪಿಯ ನೀರಿಳಿಸೂ ಮಾತ್ರಿ ಕೂಡಿದರ ಸೋಡಿಯಂ ಇಳದು ಇಂಥದೇ ಮಂಕು ಬರತದ.

ಎರಡು ದಿನದಾಗ ಒಮ್ಮೆಲೇ ಮಂಕಾದರ ಅದು ಡಿಮೆನ್ಷಿಯಾ ಅಲ್ಲ, ಸನ್ನಿ ಅಂತ ತಿಳೀರಿ. ವಾರ್ಡಿನಾಗ 4ಎಟಿ ಅನ್ನೂ ಪರೀಕ್ಷಾ ಎರಡು ನಿಮಿಷದ್ದು: ಎಚ್ಚರ ಹೆಂಗೈತಿ, ವಯಸ್ಸು-ಹುಟ್ಟಿದ ದಿನ-ಜಾಗಾ-ಇಸವಿ ಹೇಳತಾರೇನು, ತಿಂಗಳ ಹೆಸರು ಹಿಂದಿನಿಂದ ಹೇಳತಾರೇನು, ಒಮ್ಮೆಲೇ ಬದಲಾವಣಿ ಆಗೇದೇನು. 4 ಅಥವಾ ಹೆಚ್ಚು ಬಂದರ ಸನ್ನಿ ಇರಬಹುದು. ಒಂದು ಮಾತು, ಇಸವಿ ಕೇಳಿದರ ಆ ವರ್ಷದ ಸಂವತ್ಸರದ ಹೆಸರು ಹೇಳೂ ಅಜ್ಜ, ತಿಂಗಳು ಕೇಳಿದರ ಫಾಲ್ಗುಣ, ಮಾಘ, ಪುಷ್ಯ ಅಂತ ಹಿಂದಕ್ಕ ಹೋಗೂ ಅಜ್ಜಿ ತಪ್ಪು ಹೇಳಿಲ್ಲ. ಪರೀಕ್ಷಾ ಮಾಡೂ ಹುಡುಗರಿಗೆ ಅದು ಗೊತ್ತಿರಬೇಕು.

ಜರ್ಸಿ_ಕನ್ನಡ

ಮಕ್ಕಳ ಮನೆಗೆ ಅಮೆರಿಕಕ್ಕೆ ಬರುವ ಹಿರಿಯರಿಗೆ ಜೆಟ್‌ಲ್ಯಾಗ್ ಅಂತ ಅಂಗಡಿಯ "ಪಿಎಂ" ಮಾತ್ರೆ ಕೊಡೋದು ಇಲ್ಲಿ ಮಾಮೂಲು. ಅದರಲ್ಲಿರೋದು ಡೈಫೆನ್‌ಹೈಡ್ರಮಿನ್, ಬೀರ್ಸ್ ಪಟ್ಟಿಯ ಹಳೇ ಗಿರಾಕಿ. ಚೀಟಿ ಬೇಡ ಅಂದಮಾತ್ರಕ್ಕೆ ಹಗುರ ಅಲ್ಲ, ಹಿರಿಯರಲ್ಲಿ ಅರ್ಧಾಯು 13 ಗಂಟೆ ಮೇಲೆ. ದುಬೈ ಕಡೆ ಹೋಗುವವರು ಆಲ್‌ಪ್ರಜೋಲಾಮ್, ಟ್ರಮಡಾಲ್ ಇದ್ದರೆ ಅಲ್ಲಿನ ಸರ್ಕಾರದ ಆನ್‌ಲೈನ್ ಅನುಮತಿ ಮೊದಲೇ ತಗೊಳ್ಳಿ.

ತುಂಗಾತೀರ

ಮಾತ್ರೆ ಬಿಟ್ಟರೆ ನಿದ್ದೆಗೆ ಏನು ಮಾಡೋದು? ರಾತ್ರಿ ಮೂರಕ್ಕೆ ಎದ್ದು ಕೂರ್ತಾರೆ ಅನ್ನೋದೇ ಎಲ್ಲರ ದೂರು.

ಕಪಾಟಿನ_ಕೀಲಿ

ಮಲಗಿದ್ದು ಎಷ್ಟಕ್ಕೆ ಅಂತ ಕೇಳಿ. ಎಂಟರ ಧಾರಾವಾಹಿ ಮುಗಿಸಿ ಎಂಟೂವರೆಗೆ ಮಲಗಿದವರು ಮೂರಕ್ಕೆ ಎದ್ದರೆ ಆರೂವರೆ ಗಂಟೆ ಆಯ್ತು. ಆ ವಯಸ್ಸಿಗೆ ಅದು ಹೆಚ್ಚುಕಡಿಮೆ ಪೂರ್ತಿ ನಿದ್ದೆ. ಮಧ್ಯಾಹ್ನ ಊಟ ಆದಮೇಲೆ ಒಂದೂವರೆ ತಾಸು ಬೇರೆ. ಇದಕ್ಕೆ ಮಾತ್ರೆ ಬೇಡ, ಗಡಿಯಾರ ಸಾಕು: ಮಧ್ಯಾಹ್ನದ್ದು 20 ನಿಮಿಷಕ್ಕೆ ಇಳಿಸಿ, ರಾತ್ರಿ ಮಲಗೋದನ್ನ ವಾರಕ್ಕೆ ಅರ್ಧ ಗಂಟೆಯಂತೆ ಹತ್ತೂವರೆಗೆ ತನ್ನಿ, ಏಳೋ ಹೊತ್ತು ಐದಕ್ಕೆ ಖಾಯಂ ಮಾಡಿ. ಮೂತ್ರಕ್ಕೆ ಏಳುವವರು ನೀರಿಳಿಸೋ ಮಾತ್ರೆಯನ್ನು ಸಂಜೆ ತಗೋತಿದ್ದರೆ ಬೆಳಗ್ಗೆಗೆ ಬದಲಿಸಬಹುದಾ ಅಂತ ಡಾಕ್ಟರನ್ನು ಕೇಳಿ. ನಾಲ್ಕು ಗಂಟೆಯ ಎರಡನೇ ಲೋಟ ಕಾಫಿ ನಿಲ್ಲಬೇಕು, ಅದನ್ನು ನಿಲ್ಲಿಸೋದು ಆಲ್‌ಪ್ರಜೋಲಾಮ್‌ಗಿಂತ ಕಷ್ಟ ಅಂತ ಗೊತ್ತು.

ಶುಶ್ರೂಷೆ_ಶಿಫ್ಟ್

ಹಗಲಲ್ಲಿ ಅಂಗಳದ ಬಿಸಿಲಲ್ಲಿ ಅರ್ಧ ಗಂಟೆ ಕೂರಿಸಿ, ರಾತ್ರಿ ಹಾಸಿಗೆಯಿಂದ ಬಚ್ಚಲಿನವರೆಗೆ ಒಂದು ಸಣ್ಣ ದೀಪ ಹಾಕಿಡಿ. ಡೋಸ್ ಇಳಿಸುವ ವಾರಗಳಲ್ಲಿ ಹೆಚ್ಚು ಬೀಳುವುದು ಆ ಹತ್ತು ಹೆಜ್ಜೆಯಲ್ಲಿ.